ಏರಿ ಹತ್ತಿ ನಿಂತವರಿಗೆ: ತೊಣ್ಣೂರು ಸೀಮೆಯ ಮೊದಲ ಪಾಠ

ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತ ಹೊಸಬರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಅವರೆಲ್ಲರ ಮುಖ ನೀರಿನ ಕಡೆಗಿರುತ್ತದೆ. ಊರವರು ಏರಿ ಹತ್ತಿದರೆ ನೀರನ್ನು ಒಂದು ಸಲ ನೋಡಿ, ಗದ್ದೆಯ ಕಡೆ ಎರಡು ಸಲ ನೋಡುತ್ತಾರೆ. ಕಾರಿನಿಂದಿಳಿದು ಬಂದವರು ಹಾಗಲ್ಲ. ನೀರನ್ನು ನೋಡುತ್ತಾರೆ, ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆಗಲಾದರೂ ಮುಖ ಗದ್ದೆಯ ಕಡೆ ತಿರುಗಿತಲ್ಲ ಅಂದುಕೊಂಡರೆ, ಕಣ್ಣು ಫೋನಿನ ಮೇಲಿರುತ್ತದೆ.

ಇದು ದೂರಲ್ಲ. ಕೆರೆ ನೋಡುವುದನ್ನು ಯಾರಾದರೂ ಹೇಳಿಕೊಡಬೇಕು. ಅದು ತಾನಾಗಿ ಬರುವ ವಿದ್ಯೆಯಲ್ಲ. ಈ ಭಾಗದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೇ ಅದು ಬಂದದ್ದು ತಡವಾಗಿ. ಒಮ್ಮೆ ಏಳನೇ ತರಗತಿಯ ಮಕ್ಕಳನ್ನು ಇಲ್ಲಿಗೆ ಕರೆತಂದು ಆವಿಯಾಗುವಿಕೆಯ ಪಾಠ ಮಾಡುತ್ತಿದ್ದೆ. ಏರಿಯ ಮೇಲೆ ಹೆಗಲಿಗೆ ಗುದ್ದಲಿ ಹಾಕಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಮೇಷ್ಟ್ರೇ, ನೀರು ಮ್ಯಾಕೆ ಹೋಗದು ಹೇಳುದ್ರಿ, ಸರಿ. ಕೆಳಿಕೆ ಹೆಂಗೆ ಹೋಯ್ತದೆ ಅನ್ನದು ಯಾವಾಗ ಹೇಳ್ತೀರಿ?" ಅಂದರು. ಅವರು ನೀರುಗಂಟಿ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು. ಆ ದಿನ ಉಳಿದ ಪಾಠ ಮಾಡಿದವರು ಅವರೇ. ನಾನು ಮಕ್ಕಳ ಸಾಲಿನಲ್ಲಿ ಕೊನೆಗೆ ನಿಂತೆ.

ಈಗ ನೀವು ಬಂದಿದ್ದೀರಿ. ಒಂದೆರಡು ದಿನ ಬಿಡುವು ಮಾಡಿಕೊಂಡಿದ್ದೀರಿ ಎಂದು ಇಟ್ಟುಕೊಳ್ಳೋಣ. ಒಂದೇ ದಿನದಲ್ಲಿ ಕೆಆರ್‌ಎಸ್, ರಂಗನತಿಟ್ಟು, ಶ್ರೀರಂಗಪಟ್ಟಣ, ಮೇಲುಕೋಟೆ, ತೊಣ್ಣೂರು ಎಲ್ಲವನ್ನೂ ಮುಗಿಸುವ ಲೆಕ್ಕ ಹಾಕಿಕೊಂಡು ಬಂದಿದ್ದರೆ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ಮೊದಲ ಮೂರು ಊರುಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳುವುದು ಪಾಂಡವಪುರ ತಾಲ್ಲೂಕಿನ ಮೂರೇ ಜಾಗ: ಒಂದು ಕೆರೆ, ಒಂದು ಬೆಟ್ಟ, ಬೆಟ್ಟದ ಮೇಲೊಂದು ಊರು. ಮೂರನ್ನೂ ಸೇರಿಸುವ ದಾರ ನೀರು. ಅದನ್ನು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ.

ಪಾಂಡವಪುರಕ್ಕೆ ಬರುವುದು ಸುಲಭ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ, ಶ್ರೀರಂಗಪಟ್ಟಣಕ್ಕೆ ಮುಂಚೆ ಸಿಗುವ ನಿಲ್ದಾಣ. ಪೇಟೆ ಅಲ್ಲಿಂದ ಸ್ವಲ್ಪ ಒಳಗಿದೆ. ಆಟೊ, ಬಸ್ಸು ಸಿಗುತ್ತವೆ. ಈ ಊರಿನ ಹಳೆಯ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಕೈಕೆಳಗಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿಯ ಬಂಡೆಗುಡ್ಡಗಳ ಬಳಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರ ಬಾಯಲ್ಲಿ ಇದು ಫ್ರೆಂಚ್ ರಾಕ್ಸ್ ಆಯಿತು. ಆಮೇಲೆ ಪಕ್ಕದ ಕುಂತಿಬೆಟ್ಟದ ಪಾಂಡವರ ಕತೆ ಗೆದ್ದು ಪಾಂಡವಪುರ ಆಯಿತು. ಊರಿನ ಹಿರಿಯರ ಬಾಯಲ್ಲಿ ಹಿರೋಡೆ ಇನ್ನೂ ಸತ್ತಿಲ್ಲ.

ಇಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೆರೆ ತೊಣ್ಣೂರು. ಊರಿನ ಹೆಸರಿನಲ್ಲೇ ಕೆರೆ ಮೊದಲು, ತೊಣ್ಣೂರು ಆಮೇಲೆ. ಶಾಸನಗಳಲ್ಲಿ ಇದು ತೊಂಡನೂರು.

ಏರಿಯ ಮೇಲೆ ಹೋಗಿ ನಿಲ್ಲಿ. ನೀರನ್ನು ನೋಡುವ ಆಸೆ ತಡೆಯಲಾಗುವುದಿಲ್ಲ, ನೋಡಿ. ಎರಡೂ ಬದಿಗೆ ಬಂಡೆಗುಡ್ಡ, ನಡುವೆ ಹರವಾದ ನೀರು, ಗಾಳಿ ಬೀಸಿದಾಗ ಸಮುದ್ರದಂತೆ ಸಣ್ಣ ಅಲೆ. ನೀರು ಎಷ್ಟು ತಿಳಿಯೆಂದರೆ ಅಂಚಿನಲ್ಲಿ ತಳದ ಕಲ್ಲು ಕಾಣುತ್ತದೆ. ನೋಡಿದ್ದಾಯಿತೇ? ಈಗ ಪಾಠಕ್ಕೆ ಬನ್ನಿ.

ನೀವು ನಿಂತಿರುವ ಜಾಗ ಮೊದಲು ಬರಿಯ ಕಂಡಿ. ಮೇಲಿನ ಗುಡ್ಡಗಳಿಂದ ಇಳಿದು ಬರುತ್ತಿದ್ದ ಎರಡು ಹಳ್ಳಗಳು ಸೇರಿಕೊಂಡು ಈ ಎರಡು ಗುಡ್ಡಗಳ ನಡುವಿನ ಸಂದಿಯಿಂದ ಹೊರಕ್ಕೆ ನುಗ್ಗುತ್ತಿದ್ದವು. ಹಳಬರು ಆ ಸಂದಿಯನ್ನಷ್ಟೇ ಮುಚ್ಚಿದರು. ನಮ್ಮ ಬಯಲುಸೀಮೆಯ ಕೆರೆಗಳ ಏರಿ ಬಿಲ್ಲಿನ ಹಾಗೆ ಬಾಗಿ ಉದ್ದಕ್ಕೂ ಹೋಗುತ್ತದಲ್ಲ, ಇಲ್ಲಿ ಆ ಕಷ್ಟವಿಲ್ಲ. ಏರಿ ಗಿಡ್ಡ, ಆದರೆ ಎತ್ತರ. ಬುಡ ಬಹಳ ದಪ್ಪ. ಏಕೆ ದಪ್ಪ? ನೀರಿನ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುತ್ತದೆ; ಮೇಲ್ಗಡೆ ತಳ್ಳುವುದಕ್ಕಿಂತ ತಳದಲ್ಲಿ ಬಲವಾಗಿ ತಳ್ಳುತ್ತದೆ. ಆದ್ದರಿಂದ ಏರಿಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರಬೇಕು. ಈ ಸೂತ್ರವನ್ನು ಪುಸ್ತಕದಲ್ಲಿ ಓದದವರು ಕಟ್ಟಿದ ಏರಿ ಇದು. ಜಾಗ ಆರಿಸಿದ್ದರಲ್ಲೇ ಅವರ ಅರ್ಧ ಜಾಣ್ಮೆಯಿದೆ: ಎಲ್ಲಿ ಕಡಿಮೆ ಮಣ್ಣು ಹೊತ್ತರೆ ಹೆಚ್ಚು ನೀರು ನಿಲ್ಲುತ್ತದೆ ಎಂದು ಗುಡ್ಡ ಸುತ್ತಿ, ಮಳೆಗಾಲದಲ್ಲಿ ನೆನೆದು ಕಂಡುಕೊಂಡದ್ದು. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಈ ಏರಿಯನ್ನು ನೋಡಿ ಬರೆದಿಟ್ಟಿದ್ದಾನೆ.

ಈಗ ಹಿಂದಕ್ಕೆ ತಿರುಗಿ. ನಿಮ್ಮ ಕಾಲಿಗಿಂತ ಎಷ್ಟೋ ಕೆಳಗೆ ತೆಂಗಿನ ತಲೆಗಳು, ಕಬ್ಬು, ಭತ್ತದ ಗದ್ದೆ. ಇದು ಅಚ್ಚುಕಟ್ಟು. ಕೆರೆಯ ನೀರು ಎಷ್ಟು ನೆಲಕ್ಕೆ ಮುಟ್ಟುತ್ತದೋ ಅಷ್ಟು ನೆಲ. ನಮ್ಮ ಮಾತಿನಲ್ಲಿ ಕೆಲಸ ಒಪ್ಪವಾಗಿದ್ದರೆ ಅಚ್ಚುಕಟ್ಟಾಗಿದೆ ಎನ್ನುತ್ತೇವಲ್ಲ, ಏರಿಯ ಮೇಲೆ ನಿಂತು ಆ ಗದ್ದೆಗಳ ಬದು ನೋಡಿದಾಗಲೆಲ್ಲ ನನಗೆ ಆ ಮಾತು ಇಲ್ಲಿಂದಲೇ ಊರೊಳಕ್ಕೆ ನಡೆದು ಬಂದಿರಬೇಕು ಅನಿಸುತ್ತದೆ. ಭಾಷಾ ಪಂಡಿತರು ಒಪ್ಪದಿದ್ದರೆ ಬೇಡ.

ಇನ್ನೆರಡು ಪದ ಕಲಿತರೆ ಕರ್ನಾಟಕದ ಯಾವ ಕೆರೆಗೆ ಹೋದರೂ ನಿಮಗೆ ದಾರಿ ತೋರಿಸುವವರು ಬೇಡ. ಒಂದು ತೂಬು. ಹಳೆಯ ಕೆರೆಗಳಲ್ಲಿ ನೀರಿನೊಳಗೆ ಎರಡು ಕಲ್ಲುಕಂಬ ನಿಂತು, ಅವುಗಳಿಗೆ ಅಡ್ಡಚಪ್ಪಡಿ ಕೂರಿಸಿರುವುದನ್ನು ಕಂಡಿರುತ್ತೀರಿ. ಮುಳುಗಿದ ಮಂಟಪ ಅಂದುಕೊಂಡು ಮುಂದೆ ಹೋಗಿರುತ್ತೀರಿ. ಅದು ಮಂಟಪವಲ್ಲ. ಕೆಳಗೆ, ಏರಿಯ ಹೊಟ್ಟೆಯೊಳಗಿಂದ ಹಾದುಹೋಗುವ ಕಾಲುವೆಯ ಬಾಯಿಗೆ ಒಂದು ಬೆಣೆ. ಬೆಣೆ ಎತ್ತಿದರೆ ನೀರು ಗದ್ದೆಗೆ, ಇಳಿಸಿದರೆ ನಿಲುಗಡೆ. ಆ ಬೆಣೆಗೆ ಕೈಹಾಕುವ ಅಧಿಕಾರ ನೀರುಗಂಟಿಯದು ಮಾತ್ರ. ಗೌಡರ ಗದ್ದೆಗೂ ಬಡವನ ಗದ್ದೆಗೂ ಸರದಿ ಮೇಲೆ ನೀರು ಬಿಡಬೇಕಾದವನು ಅವನೇ. ಸರದಿ ಯಾವಾಗಲೂ ನ್ಯಾಯವಾಗಿತ್ತು ಎಂದು ನಾನು ಹೇಳಲಾರೆ. ಊರ ಜಗಳಗಳಲ್ಲಿ ಅರ್ಧ ಹುಟ್ಟುತ್ತಿದ್ದದ್ದು ಗದ್ದೆಯ ಬದುವಿನ ಮೇಲೆ.

ಇನ್ನೊಂದು ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಏರಿಗೆ ಹೊಡೆತ ಕೊಡದೆ ಪಕ್ಕದಿಂದ ಹರಿದುಹೋಗಲು ಬಿಟ್ಟ ದಾರಿ. ಕೋಡಿ ಬಿತ್ತು ಅಂದರೆ ಊರಿಗೆ ಹಬ್ಬ: ಗಂಗೆಪೂಜೆ, ಬಾಗಿನ, ಮೀನು ಹಿಡಿಯುವವರ ಗದ್ದಲ. ಮಣ್ಣಿನ ಏರಿಯ ಮೇಲೆಯೇ ನೀರು ಹತ್ತಿ ಹರಿದರೆ ಕತೆ ಮುಗಿಯಿತು, ಗಂಟೆಗಳಲ್ಲಿ ಏರಿ ಕೊಚ್ಚಿಹೋಗುತ್ತದೆ. ಕೆರೆ ಕಟ್ಟುವವರು ನೀರು ಹಿಡಿಯುವುದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಅದನ್ನು ಬಿಟ್ಟುಕೊಡುವುದು ಹೇಗೆ ಎಂಬುದಕ್ಕೆ.

ತೊಣ್ಣೂರಿನಲ್ಲಿ ಏರಿಯ ಹೊರಮಗ್ಗುಲಿಗೆ ಇಳಿದರೆ ಬಂಡೆಗಳ ನಡುವಿಂದ ನೀರು ಧುಮುಕುವುದು ಕಾಣುತ್ತದೆ. ಜನ ಇದನ್ನು ರಾಮಾನುಜಗಂಗೆ ಎನ್ನುತ್ತಾರೆ. ಪುಟ್ಟ ಜಲಪಾತವೆಂದು ಬಂದವರು ಖುಷಿಪಡುತ್ತಾರೆ; ತಲೆಯೊಡ್ಡಿ ನಿಲ್ಲುತ್ತಾರೆ. ನಿಂತುಕೊಳ್ಳಿ, ತಣ್ಣಗೆ ಸುಖವಾಗಿರುತ್ತದೆ. ಆ ನೀರು ಕಾಲುವೆ ಹಿಡಿದು ಎಲ್ಲಿಗೆ ಹೋಗುತ್ತದೆಂದು ನೂರು ಹೆಜ್ಜೆಯಾದರೂ ಹಿಂಬಾಲಿಸಿ. ಬದುವಿನ ಮೇಲೆ ನಡೆಯುವಾಗ ಬೆಳೆ ತುಳಿಯಬೇಡಿ, ಯಾರಾದರೂ ಎದುರಾದರೆ "ಸ್ವಲ್ಪ ನೋಡ್ಕೊಂಡು ಹೋಗ್ತೀವಣ್ಣ" ಅನ್ನಿ. ಹೆಚ್ಚುಕಡಿಮೆ ಎಲ್ಲರೂ "ಬನ್ನಿ, ಕುಂತ್ಕಳಿ" ಅನ್ನುವವರೇ.

ಈಜುವ ವಿಷಯ. ಇದನ್ನು ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ: ಕೆರೆಗೆ ಇಳಿಯಬೇಡಿ. ತಿಳಿನೀರೇ ಇಲ್ಲಿ ಮೋಸ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಆದ್ದರಿಂದ ನೇರ ಮೇಲಿನಿಂದ ನೋಡಿದರೂ ತಳ ಇರುವುದಕ್ಕಿಂತ ಮೇಲೆ ಇದ್ದಂತೆ ಕಾಣುತ್ತದೆ. ನಾಲ್ಕು ಅಡಿ ಆಳ ಮೂರು ಅಡಿಯ ಹಾಗೆ ತೋರುತ್ತದೆ. ಓರೆಯಾಗಿ ದಡದಿಂದ ನೋಡಿದರೆ ಇನ್ನೂ ಕಡಿಮೆ. ಎದೆಮಟ್ಟ ಇದೆ ಅಂದುಕೊಂಡು ಕಾಲಿಟ್ಟಲ್ಲಿ ತಲೆ ಮುಳುಗುತ್ತದೆ, ಕೆಳಗೆ ಪಾಚಿ ಕಟ್ಟಿದ ಬಂಡೆ. ಇಲ್ಲಿ ಮುಳುಗಿ ಸತ್ತವರಲ್ಲಿ ಈಜು ಬರುತ್ತಿದ್ದವರೂ ಇದ್ದಾರೆ. ದಡದ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟುಕೊಳ್ಳುವುದರಲ್ಲಿ ಸುಖಕ್ಕೇನೂ ಕೊರತೆಯಿಲ್ಲ. ಮಿಂಚುಳ್ಳಿ ನೀರಿಗೆ ಬಿದ್ದು ಏಳುವುದನ್ನು, ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ನೋಡುತ್ತ ಒಂದು ಗಂಟೆ ಕಳೆಯಬಹುದು. ಸ್ಪೀಕರು ಮನೆಯಲ್ಲೇ ಇರಲಿ.

ಒಂದೇ ಕೆರೆಗೆ ಮೂರು ಹೆಸರು. ರಾಮಾನುಜಾಚಾರ್ಯರು ಇದಕ್ಕೆ ತಿರುಮಲಸಾಗರವೆಂದು ಹೆಸರಿಟ್ಟರು ಎಂಬುದು ಸಂಪ್ರದಾಯ. 1746ರಲ್ಲಿ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗ್ ಇಲ್ಲಿ ಬೀಡುಬಿಟ್ಟಾಗ ನೀರಿನ ತಿಳಿಯನ್ನು ಕಂಡು ಮೋತಿ ತಲಾಬ್, ಮುತ್ತಿನ ಕೆರೆ ಎಂದನಂತೆ. ಊರವರು ಎರಡನ್ನೂ ಕೇಳಿಸಿಕೊಂಡು ತೊಣ್ಣೂರು ಕೆರೆ ಎಂದೇ ಕರೆದರು. 1771ರ ಮಾರ್ಚಿನಲ್ಲಿ ಮೇಲುಕೋಟೆ ಕಡೆಯಿಂದ ರಾತ್ರೋರಾತ್ರಿ ಶ್ರೀರಂಗಪಟ್ಟಣಕ್ಕೆ ಹಿಂದೆಗೆಯುತ್ತಿದ್ದ ಹೈದರನ ದಂಡನ್ನು ಮರಾಠರು ಚಿನಕುರಳಿಯ ಹತ್ತಿರ ಹಿಡಿದು ಚೆಲ್ಲಾಪಿಲ್ಲಿ ಮಾಡಿದರು. ಚಿನಕುರಳಿ ಇಲ್ಲೇ ಪಕ್ಕದ ಊರು. ಮರಾಠರ ಚರಿತ್ರೆಯಲ್ಲಿ ಅದು ಮೋತಿ ತಲಾವಿನ ಕಾಳಗ. ಟಿಪ್ಪು ಕಾಲದಲ್ಲಿ ಏರಿಯನ್ನೇ ಒಡೆದದ್ದೂ ಉಂಟು. ಆಮೇಲೆ ಮತ್ತೆ ಕಟ್ಟಿದರು. ದಂಡುಗಳೆಲ್ಲ ಈ ದಾರಿಯಲ್ಲೇ ಏಕೆ ಹೋಗುತ್ತಿದ್ದವು ಎಂದು ಮಕ್ಕಳು ಕೇಳುತ್ತಾರೆ. ಸಾವಿರಾರು ಕುದುರೆ, ಎತ್ತು, ಆನೆಗಳಿಗೆ ಒಂದೇ ಹೊತ್ತಿನಲ್ಲಿ ಕುಡಿಯಲು ನೀರು ಎಲ್ಲಿ ಸಿಗುತ್ತದೆ, ಯೋಚಿಸಿ.

ಇನ್ನು ಊರೊಳಗಿನ ಗುಡಿಗಳಿಗೆ ಹೋಗೋಣ. ಬೇಲೂರು ನೋಡಿ ಬಂದವರಿಗೆ ಇಲ್ಲಿ ಮೊದಲ ನೋಟಕ್ಕೆ ನಿರಾಸೆ. ನಂಬಿನಾರಾಯಣ ದೇವಸ್ಥಾನವೂ ಹೊಯ್ಸಳರ ಕಾಲದ್ದೇ, ಅದೇ ವಿಷ್ಣುವರ್ಧನನ ಹೆಸರು ಹೇಳುವುದೇ. ಆದರೆ ಗೋಡೆಯ ಮೇಲೆ ಮದನಿಕೆಯರಿಲ್ಲ, ಆನೆಗಳ ಸಾಲಿಲ್ಲ. ಕಾರಣ ಕಲ್ಲಿನಲ್ಲಿದೆ. ಬೇಲೂರಿನವರು ಬಳಸಿದ್ದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಅದರಲ್ಲಿ ಬಳೆಯ ಸಂದನ್ನೂ ಕೊರೆಯಬಹುದು. ಇಲ್ಲಿ ಸುತ್ತ ಸಿಗುವುದು ಗಡಸು ಗ್ರಾನೈಟು. ಅದರ ಜೊತೆಗೆ ಕಟ್ಟಿದವರ ಕೈ ತಮಿಳುನಾಡಿನ ರೀತಿ ಕಲಿತ ಕೈ. ಶಾಸನಗಳಲ್ಲೂ ತಮಿಳು ಬಹಳ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಕುಸುರಿಯನ್ನಲ್ಲ, ಕಂಬಗಳ ನಡುವಿನ ಅಂತರವನ್ನು, ಮಂಟಪದ ತಂಪನ್ನು, ಹೊರಗೆ ನಿಂತ ಎತ್ತರದ ಗರುಡಗಂಬವನ್ನು. ಮಟಮಟ ಮಧ್ಯಾಹ್ನ ಆ ಮಂಟಪದಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ ಗ್ರಾನೈಟಿನ ಮೇಲಿನ ಮುನಿಸು ಹೋಗುತ್ತದೆ.

ಬೇಲೂರು, ತಲಕಾಡು, ಗದಗ, ಮೇಲುಕೋಟೆ, ತೊಣ್ಣೂರು ಸೇರಿ ಪಂಚನಾರಾಯಣ ಕ್ಷೇತ್ರಗಳೆಂದು ಎಣಿಸುವ ರೂಢಿಯಿದೆ. ಐದರಲ್ಲಿ ಅತಿ ಕಡಿಮೆ ಜನ ಬರುವುದು ಬಹುಶಃ ಇಲ್ಲಿಗೇ. ಬಾಗಿಲು ಹಾಕಿದ್ದರೆ ಊರಲ್ಲಿ ಅರ್ಚಕರ ಮನೆ ಕೇಳಿ, ಅವರ ಊಟದ ಹೊತ್ತು ತಪ್ಪಿಸಿ ಹೋಗಿ. ಎದುರಿಗೆ ಕೃಷ್ಣನ ಗುಡಿ ಇದೆ. ಪಕ್ಕದ ಸಣ್ಣ ಗುಡ್ಡದ ಮೇಲೆ ಯೋಗನರಸಿಂಹ. ರಾಮಾನುಜರು ಜೈನ ಪಂಡಿತರೊಡನೆ ವಾದಕ್ಕೆ ಕೂತದ್ದು ಅಲ್ಲೇ, ತೆರೆಯ ಹಿಂದೆ ಆದಿಶೇಷನಾಗಿ ಸಾವಿರ ಹೆಡೆ ಬಿಚ್ಚಿ ಸಾವಿರ ಜನಕ್ಕೂ ಒಂದೇ ಸಲ ಉತ್ತರ ಕೊಟ್ಟರು ಎಂದು ಸ್ಥಳಪುರಾಣ. ಹೆಡೆಯ ಕೆಳಗೆ ಕೂತ ಆಚಾರ್ಯರ ಮೂರ್ತಿ ಇದೆ. ನಲವತ್ತು ಮಕ್ಕಳು ಒಟ್ಟಿಗೆ ಪ್ರಶ್ನೆ ಕೇಳುವ ತರಗತಿಯಲ್ಲಿ ನಿಂತ ಯಾವ ಮೇಷ್ಟರಿಗೂ ಈ ಕತೆ ಬೇಗ ಹಿಡಿಸುತ್ತದೆ. ಅದೇ ಊರಿನಲ್ಲಿ ಹಳೆಯ ದರ್ಗಾವೊಂದೂ ಇದೆ, ಅದನ್ನೂ ನೋಡಿ ಬನ್ನಿ.

ಸಂಜೆಗೆ ಪಾಂಡವಪುರಕ್ಕೆ ಮರಳಿ ಮಲಗಿದರೆ ಬೆಳಗಿನ ಬೆಟ್ಟ ಸುಲಭ. ಕುಂತಿಬೆಟ್ಟ ಪೇಟೆಗೆ ಅಂಟಿಕೊಂಡಂತೆಯೇ ಇದೆ. ಮೇಲಕ್ಕೆ ಕಟ್ಟಿದ ಮೆಟ್ಟಿಲ ಸಾಲನ್ನು ನಿರೀಕ್ಷಿಸಬೇಡಿ. ಸ್ವಲ್ಪ ದೂರ ಜಾಡು, ಆಮೇಲೆ ಬೋಳು ಬಂಡೆ. ಬಂಡೆ ಒಣಗಿದ್ದರೆ ಮರಳು ಕಾಗದದ ಹಾಗೆ ಕಾಲನ್ನು ಹಿಡಿದುಕೊಳ್ಳುತ್ತದೆ, ಮಳೆ ಬಿದ್ದಿದ್ದರೆ ಎಣ್ಣೆ ಸವರಿದ ಹಾಗೆ. ಹೊಸಬರು ಹತ್ತುವುದಕ್ಕೆ ಹೆದರುತ್ತಾರೆ, ಹೆದರಬೇಕಾದ್ದು ಇಳಿಯುವುದಕ್ಕೆ. ಇಳಿಯುವಾಗ ಪಾದ ಓರೆ ಇಡಿ, ಬೇಕಾದರೆ ಕೂತು ಜಾರಿ, ಯಾರೂ ನಗುವುದಿಲ್ಲ. ನೀರು ಒಬ್ಬರಿಗೆ ಒಂದು ಲೀಟರಾದರೂ ಇರಲಿ. ಕತ್ತಲಲ್ಲಿ ಹತ್ತಿ ಸೂರ್ಯೋದಯ ನೋಡುವ ಆಸೆಯಿದ್ದರೆ ಅದಕ್ಕೆ ಅನುಮತಿ ಬೇಕೇ ಎಂದು ಹಿಂದಿನ ದಿನವೇ ವಿಚಾರಿಸಿ, ದಾರಿ ಬಲ್ಲ ಊರ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಕೊಡಬೇಕಾದ್ದನ್ನು ಚೌಕಾಸಿ ಮಾಡದೆ ಕೊಡಿ.

ವನವಾಸದ ಪಾಂಡವರು ತಾಯಿಯೊಡನೆ ಇಲ್ಲಿದ್ದರು, ಭೀಮ ಬಕಾಸುರನನ್ನು ಕೊಂದದ್ದು ಈ ಸೀಮೆಯಲ್ಲೇ ಎಂದು ಜನ ಹೇಳುತ್ತಾರೆ. ಒನಕೆಯ ಹಾಗೆ ನೆಟ್ಟಗೆ ನಿಂತ ಬಂಡೆ ಕುಂತಿಯ ಒನಕೆ. ಕರ್ನಾಟಕದಲ್ಲಿ ಬಕಾಸುರ ಸತ್ತ ಊರುಗಳನ್ನು ಎಣಿಸಿದರೆ ಕೈಬೆರಳು ಸಾಲುವುದಿಲ್ಲ; ನಮ್ಮದೂ ಒಂದು ಇರಲಿ ಬಿಡಿ. ಮಂಡ್ಯ ಜಿಲ್ಲೆಯಲ್ಲಿ ಒಬ್ಬನೇ ಬಂಡಿ ಅನ್ನ ಉಂಡ ಕತೆಗೆ ಒಪ್ಪುವಷ್ಟು ಭತ್ತವಂತೂ ಬೆಳೆಯುತ್ತದೆ.

ತುದಿಯಲ್ಲಿ ಕೂತಾಗ ನಿನ್ನೆಯ ಪಾಠ ಪೂರ್ತಿಯಾಗುತ್ತದೆ. ಮಬ್ಬಿಲ್ಲದ ದಿನ ದೂರದಲ್ಲಿ ತೊಣ್ಣೂರಿನ ನೀರು ಹೊಳೆಯುವುದು ಕಾಣುತ್ತದೆ. ಕೆಳಗೆ ನೋಡಿ. ಹಸಿರು ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಪಟ್ಟಿಪಟ್ಟಿಯಾಗಿ ದಟ್ಟ. ಅದರಾಚೆ ಒಂದು ಗೆರೆ ಎಳೆದಂತೆ ನಿಂತು, ಮುಂದೆ ಕೆಂಪು ಹೊಲ, ರಾಗಿ, ಹುರುಳಿ, ಕುರುಚಲು ಗುಡ್ಡ. ಆ ಗೆರೆಯೇ ನೀರು ಹತ್ತುವ ಮಟ್ಟ. ಕಾಲುವೆ ಹರಿಯುವ ಎತ್ತರಕ್ಕಿಂತ ಕೆಳಗಿದ್ದ ನೆಲ ಗದ್ದೆಯಾಯಿತು, ಮೇಲಿದ್ದದ್ದು ಹೊಲವಾಗಿಯೇ ಉಳಿಯಿತು. ಒಂದೇ ಊರಿನ ಅಣ್ಣತಮ್ಮಂದಿರ ಹಣೆಬರಹ ಹತ್ತಡಿ ಎತ್ತರದ ವ್ಯತ್ಯಾಸದಲ್ಲಿ ಬೇರೆಯಾದದ್ದನ್ನು ಇಲ್ಲಿಂದ ಬಣ್ಣದಲ್ಲೇ ಓದಬಹುದು.

ಈ ಹಸಿರಿನಲ್ಲಿ ಎರಡು ಕಾಲದ ಕೈವಾಡವಿದೆ. ಒಂದು ತೊಣ್ಣೂರಿನಂಥ ಹಳೆಯ ಕೆರೆಗಳದು. ಇನ್ನೊಂದು ಕನ್ನಂಬಾಡಿಯದು, ಅಂದರೆ ಕೆಆರ್‌ಎಸ್ ಅಣೆಕಟ್ಟಿನದು. 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ತೂರಿ ಈ ಕಡೆ ಬಂತು. ಹಳಬರು ಅದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು. ನಾಲೆ ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ. ಜೊತೆಗೆ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ, ಊರ ಪುಟ್ಟ ಕೆರೆಗಳ ಮೇಲಿನ ಅಕ್ಕರೆ ಕಡಿಮೆಯಾಯಿತು. ನಲ್ಲಿ ಬಂದ ಮನೆಯಲ್ಲಿ ಬಾವಿಗೆ ಏನಾಗುತ್ತದೋ ನಾಲೆ ಬಂದ ಊರಲ್ಲಿ ಕೆರೆಗೂ ಅದೇ ಆಯಿತು: ಹೂಳು, ಜೊಂಡು, ಒತ್ತುವರಿ. ಹೂಳೆತ್ತಲು, ಏರಿ ರಿಪೇರಿ ಮಾಡಲು ಹಿಂದೆ ನೆಲವನ್ನೇ ದತ್ತಿಯಾಗಿ ಬಿಡುತ್ತಿದ್ದರು. ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಪದಗಳು ಅದಕ್ಕೇ ಬರುತ್ತವೆ.

ಬೆಟ್ಟ ಇಳಿದಾಗ ಹಸಿವಾಗಿರುತ್ತದೆ. ಮುದ್ದೆ, ಸೊಪ್ಪಿನ ಉಪ್ಸಾರು ಸಿಕ್ಕರೆ ಬಿಡಬೇಡಿ. ಮುದ್ದೆಯನ್ನು ಅಗಿಯುವುದಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ದಾರಿಯಲ್ಲಿ ಹೊಗೆ ಏಳುವ ಆಲೆಮನೆ ಕಂಡರೆ ಕೇಳಿಕೊಂಡು ಒಳಗೆ ಹೋಗಿ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಸುಣ್ಣ ಬೆರೆಸಿ, ಮೇಲೆದ್ದ ಕೊಳೆನೊರೆ ತೆಗೆದು, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಹೊಯ್ಯುತ್ತಾರೆ. ಹದ ನೋಡುವವನಿಗೆ ಥರ್ಮಾಮೀಟರು ಬೇಡ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಾನೆ. ನಿಮ್ಮ ಕೈಗೂ ಬಿಸಿಬೆಲ್ಲ ಇಡುತ್ತಾರೆ. ಮಕ್ಕಳನ್ನು ಕೊಪ್ಪರಿಗೆಯಿಂದ ದೂರ ಇಟ್ಟುಕೊಳ್ಳಿ. ಕುದಿವ ಪಾಕ ನೀರಿನಂತಲ್ಲ, ಬಿದ್ದ ಕಡೆ ಅಂಟಿಕೊಂಡು ಸುಡುತ್ತದೆ.

ಮೂರನೆಯದು ಮೇಲುಕೋಟೆ. ಪಾಂಡವಪುರದಿಂದ ಬಸ್ಸಿದೆ. ಇದರ ಬಗ್ಗೆ ಗೊತ್ತಿರುವವರೇ ಹೆಚ್ಚು, ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿಯ ರಾತ್ರಿ, ಸರ್ಕಾರದ ಖಜಾನೆಯಲ್ಲಿರುವ ವಜ್ರಕಿರೀಟವನ್ನು ಮಂಡ್ಯದಿಂದ ಮೆರವಣಿಗೆಯಲ್ಲಿ ತಂದು ಉತ್ಸವಮೂರ್ತಿಗೆ ತೊಡಿಸುತ್ತಾರೆ. ಜನಸಾಗರ, ಮೊದಲ ಸಲ ಬರುವವರು ಆ ದಿನ ಬಿಟ್ಟು ಬರುವುದೇ ಲೇಸು. ಆ ಉತ್ಸವಮೂರ್ತಿಗೆ ಚೆಲುವಪಿಳ್ಳೆ ಎಂದು ಮುದ್ದಿನ ಹೆಸರು. ದಿಲ್ಲಿಯ ಸುಲ್ತಾನನ ಮಗಳ ಅಂತಃಪುರದಲ್ಲಿದ್ದ ಮೂರ್ತಿಯನ್ನು ರಾಮಾನುಜರು ಕರೆತಂದರು, ಅದನ್ನು ಅಗಲಲಾರದೆ ಹಿಂದೆಯೇ ಬಂದ ರಾಜಕುಮಾರಿ ಬೀಬಿ ನಾಚ್ಚಿಯಾರಾಗಿ ದೇವರ ಪಾದದಲ್ಲಿ ನಿಂತಳು ಎಂಬ ಕತೆ. ಇಸವಿ ಲೆಕ್ಕ ಹಾಕುವ ಹುಡುಗರು ಕೈಯೆತ್ತುತ್ತಾರೆ: ರಾಮಾನುಜರು ತೀರಿಕೊಂಡದ್ದು 1137ರಲ್ಲಿ ಎನ್ನುತ್ತಾರೆ, ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ, ಹೇಗೆ ಸಾರ್? ಸರಿಯಾದ ಪ್ರಶ್ನೆ. ಇಸವಿ ಹೊಂದುವುದಿಲ್ಲ. ಆದರೆ ಯಾವ ಕಾಲದ ಜನರೋ ತಮ್ಮ ದೇವರ ಪಾದದಲ್ಲಿ ತುರುಕರ ಹೆಣ್ಣುಮಗಳಿಗೆ ಜಾಗ ಮಾಡಿಕೊಟ್ಟರು ಎಂಬುದೂ ಒಂದು ಇಸವಿಯಷ್ಟೇ ಗಟ್ಟಿ ಸಂಗತಿ.

ನಾನು ಕರೆದೊಯ್ಯುವುದು ಇನ್ನೊಂದು ದಾರಿಯಲ್ಲಿ. ಊರು ಬಂಡೆಯ ಬೆಟ್ಟದ ಮೇಲಿದೆ. ಇಲ್ಲಿಗೆ ಹೊಳೆಯಿಲ್ಲ, ಕಾಲುವೆ ಹತ್ತುವುದಿಲ್ಲ. ಹಾಗಾದರೆ ಇಷ್ಟು ಮನೆ, ಇಷ್ಟು ಮಠ, ಇಷ್ಟು ಯಾತ್ರಿಕರು ಶತಮಾನಗಟ್ಟಲೆ ಏನು ಕುಡಿದರು? ಈ ಪ್ರಶ್ನೆ ಇಟ್ಟುಕೊಂಡು ನಡೆದರೆ ಮೇಲುಕೋಟೆ ಬೇರೆಯೇ ಊರಾಗಿ ಕಾಣುತ್ತದೆ. ಎಲ್ಲಿ ನೋಡಿದರೂ ಕೊಳ. ನೂರೆಂಟು ಕೊಳ ಎನ್ನುವುದು ವಾಡಿಕೆ. ಎಣಿಸುವ ಹಟ ಬೇಡ. ಬಂಡೆಯ ಇಳಿಜಾರಿನಲ್ಲಿ ಬಿದ್ದ ಮಳೆ ಎಲ್ಲಿ ಸಹಜವಾಗಿ ಜಾರಿ ನಿಲ್ಲುತ್ತದೋ ಅಲ್ಲಿ ಕಲ್ಲು ಕಟ್ಟಿ ಹಿಡಿದಿದ್ದಾರೆ. ಗ್ರಾನೈಟು ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ಬೆಟ್ಟವೇ ಸೂರು, ಕೊಳವೇ ಹಂಡೆ.

ಎಲ್ಲಕ್ಕಿಂತ ದೊಡ್ಡದು ಕಲ್ಯಾಣಿ. ಸುತ್ತ ಮಂಟಪ, ನಾಲ್ಕೂ ಕಡೆ ಮೆಟ್ಟಿಲು, ಮೇಲೆ ಯೋಗನರಸಿಂಹನ ಬೆಟ್ಟ. ಮೆಟ್ಟಿಲು ಸಾಲು ಏಕೆಂದು ಕೇಳಿದರೆ ಚೆಂದಕ್ಕೆ ಎನ್ನುತ್ತಾರೆ. ಚೆಂದವೂ ಹೌದು. ಬೇಸಿಗೆಯಲ್ಲಿ ನೀರು ಎಷ್ಟೇ ಕೆಳಗಿಳಿದರೂ ಬಿಂದಿಗೆ ಹಿಡಿದವರು ಅದರ ಹಿಂದೆಯೇ ಇಳಿಯಬಹುದು ಎಂಬುದು ಮೊದಲ ಕಾರಣ. ಊರ ಇನ್ನೊಂದು ಕಡೆ ಅಕ್ಕತಂಗಿ ಕೊಳ: ಅಕ್ಕಪಕ್ಕ ಎರಡು, ಒಂದರ ನೀರು ಕುಡಿಯಲು, ಇನ್ನೊಂದರದು ಬಳಕೆಗೆ. ಅಕ್ಕತಂಗಿಯರ ಸ್ವಭಾವಕ್ಕೆ ಇದನ್ನು ಗಂಟುಹಾಕುವ ಕತೆಯಿದೆ, ಯಾರು ಒಳ್ಳೆಯವಳು ಎಂಬುದು ಹೇಳುವವರ ಮೇಲೆ ಬದಲಾಗುತ್ತದೆ. ಕತೆ ಬಿಟ್ಟರೂ ಪಾಠ ಉಳಿಯುತ್ತದೆ. ಕುಡಿಯುವ ನೀರನ್ನೂ ತೊಳೆಯುವ ನೀರನ್ನೂ ಬೇರೆ ಇಡಬೇಕೆಂದು ಗೊತ್ತಿದ್ದ ಊರು ಅದನ್ನು ಒಂದು ಕತೆಯೊಳಗೆ ಬಚ್ಚಿಟ್ಟುಕೊಂಡಿತು.

ಅರ್ಧಕ್ಕೆ ನಿಂತ ರಾಯಗೋಪುರವನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಸಂಜೆಯ ಬಿಸಿಲಿಗೆ ಹೋಗಿ. ಪು.ತಿ.ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ ಊರಿದು, ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಕವಿತೆ ಓದದವರೂ ಒಳಗೊಮ್ಮೆ ಹೋಗಿ ಬನ್ನಿ, ಹಳೆಯ ಮೇಲುಕೋಟೆಯ ಮನೆಯೊಂದರ ತಂಪು ಹೇಗಿತ್ತೆಂದು ತಿಳಿಯುತ್ತದೆ. ಸುತ್ತಲಿನ ಕುರುಚಲು ಕಾಡು 1974ರಿಂದ ವನ್ಯಧಾಮ, ಸುಮಾರು 50 ಚದರ ಕಿಲೋಮೀಟರು. ಹುಲಿ, ಆನೆಗಾಗಿ ಅಲ್ಲ, ತೋಳಗಳಿಗಾಗಿ ಮೀಸಲಿಟ್ಟದ್ದು. ನಿಮಗೆ ತೋಳ ಕಾಣುವುದಿಲ್ಲ. ಕಾಣದಿದ್ದರೆ ಬೇಜಾರು ಬೇಡ, ನಲವತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡುವ ನನಗೂ ಕಂಡಿಲ್ಲ.

ಯಾವಾಗ ಬರಬೇಕು ಎಂದು ಕೇಳುತ್ತೀರಿ. ಅಕ್ಟೋಬರಿನಿಂದ ಫೆಬ್ರವರಿ ಎಲ್ಲರೂ ಹೇಳುವ ಉತ್ತರ. ಕೆರೆ ತುಂಬಿರುತ್ತದೆ, ಬಂಡೆ ಸುಡುವುದಿಲ್ಲ. ಜುಲೈ–ಆಗಸ್ಟಿನಲ್ಲಿ ಬಂದರೆ ನಾಟಿ ನೋಡಬಹುದು, ಗದ್ದೆಗಳೆಲ್ಲ ಕನ್ನಡಿಯಾಗಿ ಮೋಡ ಹಿಡಿದುಕೊಂಡಿರುತ್ತವೆ, ಬೆಟ್ಟ ಮಾತ್ರ ಜಾರುತ್ತದೆ. ಡಿಸೆಂಬರಿನಲ್ಲಿ ಕೊಯ್ಲು. ನನ್ನನ್ನು ಕೇಳಿದರೆ ಏಪ್ರಿಲಿನಲ್ಲೂ ಒಮ್ಮೆ ಬನ್ನಿ. ಬಿಸಿಲಿಗೆ ಬೈದುಕೊಳ್ಳುತ್ತೀರಿ, ಫೋಟೊ ಚೆನ್ನಾಗಿ ಬರುವುದಿಲ್ಲ. ಆದರೆ ನೀರು ಇಳಿದಾಗಲೇ ಏರಿಯ ಒಳಮಗ್ಗುಲು ಕಾಣುವುದು: ಅಲೆ ಹೊಡೆದು ಮಣ್ಣು ಕರಗದಿರಲೆಂದು ಒಂದರ ಮೇಲೊಂದು ಹೊಂದಿಸಿಟ್ಟ ಕಲ್ಲುಗಳು, ಪ್ರತಿ ವರ್ಷದ ನೀರಿನ ಮಟ್ಟ ಬಂಡೆಯ ಮೇಲೆ ಎಳೆದಿಟ್ಟ ಗೆರೆಗಳು. ನಾನು ಹೇಳಿದ ಆ ನೀರುಗಂಟಿ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಯಾವ ಗೆರೆಗೆ ನೀರಿದ್ದರೆ ಎಷ್ಟು ಸಲ ಗದ್ದೆಗೆ ಬಿಡಬಹುದು ಎಂದು ಗುದ್ದಲಿಯ ಕಾವಿನಿಂದ ತೋರಿಸುತ್ತ ಹೋದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಳಿ ಮೇಷ್ಟ್ರೇ," ಅಂದರು. ಬರೆದುಕೊಂಡಿದ್ದೇನೆ.